ಶನಿವಾರದ ಲೀಗು

ಬ್ರಿನ್‌ಹಿಲ್, ಪೆನ್ಸಿಲ್ವೇನಿಯ
ಸೋಮವಾರ, ೧೨ ಜುಲೈ ೧೯೨೬

ಮಗು ಎಮ್ಲಿನ್,

ಅತ್ತೆ ಹೆಣೆದು ಕಳಿಸಿದ ಕಾಲುಚೀಲ ತಲುಪಿತು ಎಂದು ನೀನು ಬರೆದೆ. ಕಾಲಿಗೆ ಸರಿಹೋಯಿತೋ ಇಲ್ಲವೋ ಬರೆಯಲಿಲ್ಲ. ನಿನ್ನ ಅತ್ತೆ ಕೈನ್ವೆನ್ ಎರಡು ದಿನದಿಂದ ಅದನ್ನೇ ಕೇಳುತ್ತಿದ್ದಾಳೆ. ಇಪ್ಪತ್ನಾಲ್ಕು ವರ್ಷದವನ ಕಾಲು ಓಹಾಯೋಗೆ ಹೋದರೆ ಬೆಳೆದುಬಿಡುತ್ತದೆಯೇ ಎಂದು ತಮಾಷೆ ಮಾಡಿ ಬೈಸಿಕೊಂಡೆ.

ಇಲ್ಲಿ ಎಲ್ಲ ಮೊದಲಿನಂತೆಯೇ. ನನ್ನ ಕೆಮ್ಮು ಇದ್ದಷ್ಟೇ ಇದೆ. ಡಾಕ್ಟರು ಗಣಿಗೆ ಇಳಿಯುವುದು ಬೇಡವೆಂದ ಮೇಲೆ ಇದ್ದಲು ಒಡೆಯುವ ಮನೆಯಲ್ಲಿ ಕೂತು ಇದ್ದಲಿನಿಂದ ಕಲ್ಲು ಆರಿಸುತ್ತೇನೆ. ಅಕ್ಕಪಕ್ಕ ಕೂತವರೆಲ್ಲ ಒಂದೊಂದು ಅಂಗ ಗಣಿಗೆ ಕೊಟ್ಟು ಬಂದವರು. ಧೂಳಿನಲ್ಲಿ ಮುಖ ಕಾಣುವುದಿಲ್ಲ, ಕೆಮ್ಮಿನಿಂದಲೇ ಇಂಥವನೆಂದು ಗುರುತು. ನೀನು ಅಲ್ಲಿಗೆ ಬರದೆ ಫುಟ್ಬಾಲ್ ತಂಡದಲ್ಲಿ ಚೆಂಡು ಹಿಡಿದು ಓಡುತ್ತಿದ್ದೀಯಲ್ಲ ಎಂದು ದಿನಕ್ಕೊಮ್ಮೆ ದೇವರಿಗೆ ಕೃತಜ್ಞತೆ ಹೇಳುತ್ತೇನೆ. ಭಾನುವಾರ ಮಾತ್ರ ಹೇಳುವುದಿಲ್ಲ. ಏಕೆಂದು ನಿನಗೆ ಗೊತ್ತು.

ಆ ವಿಷಯಕ್ಕೇ ಈ ಕಾಗದ. ಶನಿವಾರ ಕ್ಷೌರಕ್ಕೆ ಬಾಲ್ಚೂನಾಸನ ಅಂಗಡಿಗೆ ಹೋಗಿದ್ದೆ. ಆ ಲಿಥುವೇನಿಯದವನು ನೆನಪಿರಬೇಕು, ಬೆಳಿಗ್ಗೆ ಪೂಜೆ ಮುಗಿಸಿ ಮಧ್ಯಾಹ್ನ ಮೈದಾನಕ್ಕೆ ಓಡುವವನು. ನನ್ನ ಬಾಯಿಯ ಸುತ್ತ ಸಾಬೂನು ಬಳಿದು, ಮಾತಾಡದ ಹಾಗೆ ಮಾಡಿ ಶುರು ಮಾಡಿದ.

"ಏನ್ರೀ ಹಿರೀಕರೇ, ನಿಮ್ಮ ತಂಗಿ ಮಗ ಭಾನುವಾರ ಬಂತಂದ್ರೆ ಸೈತಾನನ ಚಾಕರಿ ಮಾಡ್ತಾನೆ ಅಂತ ಕೊರಗ್ತೀರಲ್ಲ, ನಿಮಗಂತಲೇ ಒಂದು ಲೀಗು ಹುಟ್ಟಿದೆ ನೋಡಿ. ಯಾವನೋ ದೊಡ್ಡ ಓಟಗಾರನ ಏಜೆಂಟು ಹಳೇ ಲೀಗ್‌ನೋರ ಹತ್ರ ತಂಡ ಕಟ್ಟೋಕೆ ಒಂದು ಊರು ಕೇಳಿದ್ನಂತೆ. ಕೊಡಲ್ಲ ಹೋಗು ಅಂದ್ರಂತೆ. ಇವನು ಸೀದಾ ಹೋಗಿ ಬೇರೆ ಲೀಗೇ ಕಟ್ಟಿಬಿಟ್ಟ."

ಪತ್ರಿಕೆಯನ್ನು ನನ್ನ ಮೂಗಿನ ಮುಂದೆ ಹಿಡಿದ. ಆ ಹೊಸ ಲೀಗಿನ ಒಂದು ತಂಡ ನಮ್ಮ ರಾಜ್ಯದ ಆಲ್ಡನ್‌ಪೋರ್ಟಿನಲ್ಲಿ. ಆಟದ ದಿನಗಳ ಪಟ್ಟಿ ಅಚ್ಚಾಗಿತ್ತು. ನಾನು ಬೆರಳಿಟ್ಟು ಎರಡು ಸಲ ಓದಿದೆ. ಎಲ್ಲವೂ ಶನಿವಾರ, ಮಗು. ಒಂದೂ ಬಿಡದೆ ಶನಿವಾರ. ನಮ್ಮ ರಾಜ್ಯದ ಕಾನೂನು ಕರ್ತನ ದಿನವಾದ ಭಾನುವಾರ ಆಟಕ್ಕೆ ಬಿಡುವುದಿಲ್ಲವಲ್ಲ, ಅದಕ್ಕೆ.

ನೀನು ಆಡುವುದನ್ನು ನಾನು ಇಂದಿನವರೆಗೂ ನೋಡಿಲ್ಲ. ಎಂಟು ವರ್ಷದವನನ್ನು ಕೈಹಿಡಿದು ಮನೆಗೆ ಕರೆತಂದವನು, ಎಂಟು ಸಾವಿರ ಜನ ನೋಡುವ ನಿನ್ನ ಓಟವನ್ನು ನೋಡಿಲ್ಲ. ಆಲ್ಡನ್‌ಪೋರ್ಟ್ ಇಲ್ಲಿಂದ ಮೂರು ಗಂಟೆಯ ರೈಲು. ಇದನ್ನು ಕಾಕತಾಳೀಯ ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ಯೋಚಿಸು.

ನಿನ್ನ ಮಾವ
ಗೋಮರ್ ಬೆಡೋ

*

ಲೇಕ್‌ಹಾವನ್, ಓಹಾಯೋ
ಮಂಗಳವಾರ, ೨೭ ಜುಲೈ ೧೯೨೬

ಮಾವ, ಅತ್ತೆ, ಇಬ್ಬರಿಗೂ ನಮಸ್ಕಾರ.

ಕಾಲುಚೀಲ ಸರಿಯಾಗಿದೆ. ಎಡಗಾಲಿನದು ಸ್ವಲ್ಪ ಉದ್ದ. ಅತ್ತೆಗೆ ಹೇಳಬೇಡಿ.

ಹೊಸ ಲೀಗಿನವರು ನನಗೂ ಕಾಗದ ಬರೆದಿದ್ದಾರೆ. ಅದು ನಿಮ್ಮ ಕಾಗದಕ್ಕಿಂತ ಮೊದಲೇ ಬಂದಿತ್ತು, ನಾನು ಹೇಳಿರಲಿಲ್ಲ. ನಮ್ಮ ಕ್ಯಾಪ್ಟನ್ ಹ್ಯಾಗರ್ಟಿಗೆ ತೋರಿಸಿದೆ. ಅವನು ಅದನ್ನು ಓದಿ ಮಡಿಸಿ ನನ್ನ ಜೇಬಿಗೇ ತುರುಕಿದ.

"ಲೋ, ಕೇಳಿಲ್ಲಿ," ಅಂದ. "ಹೋದೋನಿಗೆ ಈ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ. ಐದು ವರ್ಷ ಒಳಗೆ ಸೇರಿಸಲ್ಲ ಅಂತ ನಿಯಮ ಮಾಡ್ತಿದ್ದಾರೆ. ಐದು ವರ್ಷ ಆದ್ಮೇಲೆ ನಿಂಗೆಷ್ಟಾಗತ್ತೆ? ಇಪ್ಪತ್ತೊಂಬತ್ತು. ಆಗ ಓಡೋದಿರಲಿ, ಬಗ್ಗಿ ಬೂಟಿನ ದಾರ ಕಟ್ಟಿದ್ರೆ ಸಾಕು."

ಅವನ ಮಾತು ಸುಳ್ಳಲ್ಲ, ಮಾವ. ಈ ಆಟದಲ್ಲಿ ಮೂವತ್ತರವನು ಮುದುಕ. ಇಲ್ಲಿ ನನ್ನ ಜಾಗ ಗಟ್ಟಿಯಾಗಿದೆ. ಚೆಂಡು ನನ್ನ ಕೈಗೇ ಕೊಡುತ್ತಾರೆ. ಮುಂದೆ ಹೊಸಬರಿಗೆ ಹೇಳಿಕೊಡುವ ಕೆಲಸವೂ ಸಿಗಬಹುದೆಂದು ಹ್ಯಾಗರ್ಟಿ ಸೂಚನೆ ಕೊಟ್ಟಿದ್ದಾನೆ. ಇದು ಬಿಟ್ಟರೆ ನನಗೆ ಬೇರೆ ವಿದ್ಯೆ ಗೊತ್ತಿಲ್ಲ. ಇದು ಹೋದರೆ ನಿಮ್ಮ ಇದ್ದಲು ಮನೆಯೇ ನನಗೂ.

ಆದರೂ ನೀವು ಹಿಂದೆ ಏನೂ ಕೇಳಿದವರಲ್ಲ. ಇನ್ನೊಮ್ಮೆ ಬರೆಯಿರಿ. ಹೋಗು ಎಂದರೆ ಹೋಗುತ್ತೇನೆ. ಬೇಡ ಎನ್ನುವ ಅವಕಾಶವನ್ನು ನಿಮ್ಮ ಕೈಗೇ ಕೊಡುತ್ತಿದ್ದೇನೆ ಎಂದುಕೊಳ್ಳಿ.

ಎಮ್ಲಿನ್

*

ಬ್ರಿನ್‌ಹಿಲ್
ಮಂಗಳವಾರ, ೩ ಆಗಸ್ಟ್ ೧೯೨೬

ಮಗು,

ನಿನ್ನ ಕಾಗದವನ್ನು ಮೂರು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ನಿನ್ನ ಅತ್ತೆ ಹೇಳಿದ್ದು ಇಷ್ಟೇ: "ಅವನ ಕಾಲು, ಅವನ ಹೊಟ್ಟೆಪಾಡು. ಸುಮ್ನಿದ್ದುಬಿಡಿ." ಅವಳ ಮಾತಿನಲ್ಲಿ ನ್ಯಾಯವಿದೆ.

ಆದರೆ ನಾನು ಸಭೆಯಲ್ಲಿ ಹಿರಿಯರ ಬೆಂಚಿನ ಮೇಲೆ ಕೂರುವವನು. ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ, ಬೋಧಕರು ಪ್ರಾರ್ಥನೆಗೆ ಕಣ್ಣು ಮುಚ್ಚಿ ಎಂದಾಗ, ನಿನ್ನ ಮೇಲೆ ಹನ್ನೊಂದು ಜನ ಬೀಳುವುದೇ ನನ್ನ ಕಣ್ಣಿಗೆ ಬರುತ್ತದೆ. ನಿನ್ನ ತಾಯಿ ಮೈರ್ ಬದುಕಿರುವವರೆಗೆ ಭಾನುವಾರ ಕತ್ತರಿಯನ್ನೂ ಮುಟ್ಟಿದವಳಲ್ಲ. ಅವಳಿಗೆ ನಾನು ಏನು ಉತ್ತರ ಹೇಳಲಿ?

ಹೋಗು. ಶನಿವಾರದ ಲೀಗಿಗೆ ಹೋಗು. ಇದರ ಭಾರ ನನ್ನ ತಲೆಯ ಮೇಲಿರಲಿ.

ಗೋಮರ್ ಮಾವ

*

ಆಲ್ಡನ್‌ಪೋರ್ಟ್, ಪೆನ್ಸಿಲ್ವೇನಿಯ
ಮಂಗಳವಾರ, ೨೮ ಸೆಪ್ಟೆಂಬರ್ ೧೯೨೬

ಮಾವ, ಅತ್ತೆ, ನಮಸ್ಕಾರ.

ಶನಿವಾರ ಮೊದಲ ಆಟ ಆಯಿತು. ಗೆದ್ದೆವು. ನಾಲ್ಕು ಸಾವಿರ ಜನ ಬಂದಿದ್ದರೆಂದು ಮ್ಯಾನೇಜರು ಹೇಳಿದ. ನಾನು ಎಣಿಸಿದ ಹಾಗೆ ಅದರ ಅರ್ಧ. ಮಳೆ ಇತ್ತು.

ಆ ಸಂಜೆಯೇ ತಂಡದವರೆಲ್ಲ ರೈಲು ಹತ್ತಿ ನ್ಯೂಯಾರ್ಕಿಗೆ ಹೋದೆವು. ಊರು ನೋಡುವ ಆಸೆ ಅವರಿಗೆ. ಭಾನುವಾರ ನಾನು ಅಲ್ಲಿಯ ನಮ್ಮ ವೇಲ್ಸ್‌ನವರ ಮಂದಿರಕ್ಕೆ ಹೋದೆ. ಬೋಧಕರು ಚೆನ್ನಾಗಿ ಪ್ರಸಂಗ ಮಾಡಿದರು. ಗಣಿಯೊಳಗೆ ಒಯ್ಯುವ ದೀಪದ ಬಗ್ಗೆ. ಆ ದೀಪ ದಾರಿ ತೋರಿಸುವುದಕ್ಕೆ ಇರುವುದಲ್ಲ, ಗಾಳಿ ಕೆಟ್ಟಿದೆಯೆಂದು ತಿಳಿಸುವುದಕ್ಕೆ. ಉರಿ ಸಣ್ಣದಾದರೆ ದೀಪವನ್ನು ಬೈಯಬೇಡಿ, ಅದು ನಿಮ್ಮ ಪ್ರಾಣ ಉಳಿಸುತ್ತಿದೆ. ನಿಮ್ಮ ನಂಬಿಕೆ ಸಣ್ಣದಾದಾಗಲೂ ಹಾಗೆಯೇ, ಎಲ್ಲಿ ನಿಂತಿದ್ದೀರಿ ನೋಡಿಕೊಳ್ಳಿ. ಹೀಗೆ ಹೇಳಿದರು. ನಿಮಗೆ ಇಷ್ಟವಾಗಬಹುದೆಂದು ಬರೆದೆ.

ಒಂದು ವಿಷಯ. ಹಳೆಯ ಲೀಗಿನ ಕಾಂಟ್ರಾಕ್ಟಿನಲ್ಲಿ ನಿಮ್ಮ ಮನೆಯ ವಿಳಾಸವನ್ನೇ ಕೊಟ್ಟಿದ್ದೆ. ಓಹಾಯೋದಿಂದ ನನ್ನ ಹೆಸರಿಗೆ ಏನಾದರೂ ಬಂದರೆ ಕಳಿಸಿ.

ಎಮ್ಲಿನ್

*

ಬ್ರಿನ್‌ಹಿಲ್
ಮಂಗಳವಾರ, ೧೯ ಅಕ್ಟೋಬರ್ ೧೯೨೬

ಮಗು ಎಮ್ಲಿನ್,

ಬುಧವಾರದ ಪ್ರಾರ್ಥನಾ ಕೂಟದಲ್ಲಿ ನಿನ್ನ ಕಾಗದ ಓದಿದೆ. ಆಟದ ಭಾಗ ಬಿಟ್ಟು ದೀಪದ ಭಾಗ ಮಾತ್ರ. ಮುದುಕ ಪ್ರೈಸ್ ಕಣ್ಣೊರೆಸಿಕೊಂಡ. ನ್ಯೂಯಾರ್ಕಿನಲ್ಲೂ ಇಂಥ ಬೋಧಕರಿದ್ದಾರಲ್ಲ ಎಂದು ಎಲ್ಲರಿಗೂ ಆಶ್ಚರ್ಯ. ನಿನ್ನ ಅತ್ತೆ ಮಾತ್ರ ನೂಲು ಸುತ್ತುತ್ತಿದ್ದಳು. ಆಮೇಲೆ ಬಂದ ನಿನ್ನ ಎರಡು ಕಾಗದಗಳ ಪ್ರಸಂಗಗಳೂ ಚೆನ್ನಾಗಿದ್ದವು, ಆದರೆ ಅದರ ಸಮಕ್ಕೆ ಬರಲಿಲ್ಲ.

ನವೆಂಬರ್ ೨೦ರ ಶನಿವಾರ ನಿಮ್ಮ ಊರಿನಲ್ಲಿ ಆಟವಿದೆಯಷ್ಟೆ? ನಾನು ಬರುತ್ತೇನೆ. ಮೇಸ್ತ್ರಿಗೆ ಹೇಳಿ ರಜೆ ಪಡೆದಾಗಿದೆ. ಬಾಲ್ಚೂನಾಸ್ ನನಗೆ ಆಟ ಕಲಿಸುತ್ತಿದ್ದಾನೆ. ಕನ್ನಡಿಯ ಮುಂದೆ ಬಾಚಣಿಗೆಗಳನ್ನು ಒಂದು ಕಡೆ, ಕತ್ತರಿಗಳನ್ನು ಇನ್ನೊಂದು ಕಡೆ ಸಾಲಾಗಿ ಇಟ್ಟು, ಸಾಬೂನಿನ ಬ್ರಷ್ಷನ್ನು ನೀನು ಎನ್ನುತ್ತಾನೆ. ನಾಲ್ಕು ಸಲದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಇಲ್ಲದಿದ್ದರೆ ಚೆಂಡು ಅವರಿಗೆ. "ಬಿದ್ದ ಮೇಲೂ ಅಷ್ಟೊಂದು ಜನ ಯಾಕೆ ಮೇಲೆ ಬೀಳ್ತಾರೆ?" ಎಂದು ಕೇಳಿದೆ. "ನಿಮ್ಮ ಸಭೇಲಿ ಒಬ್ಬ ತಪ್ಪು ಮಾಡಿದ್ರೆ ಏನು ಮಾಡ್ತೀರಾ? ಅದೇ," ಎಂದ ಆ ಪೋಲಿ.

ಓಹಾಯೋದ ಬಗ್ಗೆ ನೀನು ಕೇಳಿದ್ದೆ. ನಿನಗೆ ಬೇಕಾಗುವಂಥದ್ದೇನೂ ಅಲ್ಲಿಂದ ಬಂದಿಲ್ಲ. ಹಿಂದಿನದನ್ನು ಯೋಚಿಸಬೇಡ. ಮುಂದೆ ನೋಡಿ ಆಡು.

ಮಾವ

*

ಆಲ್ಡನ್‌ಪೋರ್ಟ್
ಮಂಗಳವಾರ, ೨ ನವೆಂಬರ್ ೧೯೨೬

ಮಾವ,

ಇಲ್ಲಿ ಸ್ಥಿತಿ ಚೆನ್ನಾಗಿಲ್ಲ. ನಮ್ಮ ಲೀಗಿನಲ್ಲಿ ಒಂದೊಂದೇ ತಂಡ ಮುಚ್ಚುತ್ತಿದೆ. ಮೊನ್ನೆ ಶನಿವಾರ ಬೂಟು ಕಟ್ಟಿ ಮೈದಾನಕ್ಕೆ ಇಳಿದು ನಿಂತೆವು. ಎದುರಿನ ತಂಡ ಬರಲೇ ಇಲ್ಲ. ಮುಕ್ಕಾಲು ಗಂಟೆ ಮಳೆಯಲ್ಲಿ ನಿಂತ ಮೇಲೆ ಟೆಲಿಗ್ರಾಂ ಬಂತು, ಆ ತಂಡ ಗುರುವಾರವೇ ಚದುರಿಹೋಗಿತ್ತಂತೆ. ನಮಗೆ ತಿಳಿಸುವುದಕ್ಕೂ ಅಲ್ಲಿ ಯಾರೂ ಉಳಿದಿರಲಿಲ್ಲ. ನೋಡಲು ಬಂದಿದ್ದ ಇನ್ನೂರು ಜನ ನಮ್ಮನ್ನೇ ನೋಡಿ ಮನೆಗೆ ಹೋದರು.

ಇನ್ನೊಂದು ಸಂಗತಿ ಕೇಳಿದೆ. ಹಳೆಯ ಲೀಗಿನ ಕೆಲವು ತಂಡಗಳು ತಮ್ಮನ್ನು ಬಿಟ್ಟುಹೋದವರಲ್ಲಿ ತಮಗೆ ಬೇಕಾದವರಿಗೆ ಕಾಗದ ಬರೆದಿದ್ದವಂತೆ. ನವೆಂಬರ್ ಒಂದರೊಳಗೆ ವಾಪಸು ಬಂದರೆ ತಪ್ಪು ಎಣಿಸುವುದಿಲ್ಲ, ಆಮೇಲೆ ಬಂದರೆ ಐದು ವರ್ಷ. ನಮ್ಮ ತಂಡದ ಸ್ಟಾನ್ಕೋ ಹಾಗೆ ಹೊರಟುಹೋದ. ನಾನು ಹತ್ತು ದಿನ ಅಂಚೆಯವನ ದಾರಿ ಕಾದೆ. ನಿನ್ನೆಗೆ ಗಡುವು ಮುಗಿಯಿತು.

ಹ್ಯಾಗರ್ಟಿ ನನ್ನನ್ನು ನೆನಪಿಸಿಕೊಂಡಾನು ಎಂದುಕೊಂಡಿದ್ದೆ. ನಾನು ಎಣಿಸಿದಷ್ಟು ಒಳ್ಳೆಯ ಆಟಗಾರ ನಾನಲ್ಲ ಎಂದು ಕಾಣುತ್ತದೆ. ಇದನ್ನು ತಿಳಿಯುವುದಕ್ಕೆ ಇಷ್ಟು ದೂರ ಬರಬೇಕಾಯಿತು.

ಎಮ್ಲಿನ್

*

ಬ್ರಿನ್‌ಹಿಲ್
ಸೋಮವಾರ, ೮ ನವೆಂಬರ್ ೧೯೨೬

ಮಗು,

ನೀನು ಒಳ್ಳೆಯ ಆಟಗಾರನೇ. ಹಾಗೆಲ್ಲ ಬರೆಯಬೇಡ.

ಮುಚ್ಚಿದ ಬಾಗಿಲು ಮುಚ್ಚಿತು. ಅದರ ಹಿಂದೆ ಭಾನುವಾರಗಳೂ ಇದ್ದವಲ್ಲ.

ಇಪ್ಪತ್ತನೇ ತಾರೀಕಿಗೆ ಅತ್ತೆ ಬೆಲ್ಲ ದ್ರಾಕ್ಷಿ ಹಾಕಿ ರೊಟ್ಟಿ ಮಾಡಿಕೊಡುತ್ತಾಳೆ. ತರುತ್ತೇನೆ.

ಮಾವ

*

ಆಲ್ಡನ್‌ಪೋರ್ಟ್
ಗುರುವಾರ, ೧೮ ನವೆಂಬರ್ ೧೯೨೬

ಮಾವ,

ಶನಿವಾರ ಬರಬೇಡಿ. ಆಟವಿಲ್ಲ. ತಂಡವೂ ಇಲ್ಲ. ಮಂಗಳವಾರ ಮ್ಯಾನೇಜರು ಎಲ್ಲರನ್ನೂ ಕರೆದು, ಅಂಗಿಗಳನ್ನು ಒಗೆದು ವಾಪಸು ಕೊಟ್ಟುಹೋಗಿ ಎಂದನಂತೆ. ಅಷ್ಟೇ ಹೇಳಿದನಂತೆ.

ನಾನು ಕೊಟ್ಟಿಲ್ಲ, ಆಸ್ಪತ್ರೆಯಲ್ಲಿದ್ದೇನೆ. ಕಳೆದ ಶನಿವಾರದ ಆಟದಲ್ಲಿ ಮೊಣಕಾಲು ತಿರುಚಿತು. ಗಾಬರಿಯಾಗಬೇಡಿ. ಪಕ್ಕದ ಹಾಸಿಗೆಯವನು ಕೇಳಿದ, "ಯಾವ ಲೀಗಪ್ಪಾ ನಿಂದು?" ಅಂತ. ಹೇಳಿದೆ. "ಅದಿನ್ನೂ ಇದೆಯಾ?" ಅಂದ.

ಎಮ್ಲಿನ್

*

ಬ್ರಿನ್‌ಹಿಲ್
ಗುರುವಾರ, ೨೫ ನವೆಂಬರ್ ೧೯೨೬
ಕೃತಜ್ಞತಾ ದಿನ

ಮಗು ಎಮ್ಲಿನ್,

ಇವತ್ತು ಕೆಲಸಕ್ಕೆ ರಜೆ. ಈ ಕಾಗದ ಮುಗಿಯುವವರೆಗೆ ಏಳಬಾರದೆಂದು ಕೂತಿದ್ದೇನೆ. ನನಗೆ ಅಕ್ಷರ ಬಂದದ್ದು ಇಪ್ಪತ್ತಾರನೇ ವಯಸ್ಸಿಗೆ, ಸಂಡೇ ಸ್ಕೂಲಿನ ಚಿಕ್ಕವರ ಪಕ್ಕದಲ್ಲಿ ಕೂತು. ಕಲಿಯದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅನಿಸಿದ್ದು ಇವತ್ತೇ.

ನಿನ್ನ ಕಾಗದ ಬಂದ ದಿನ ನಾನು ಬಾಲ್ಚೂನಾಸನ ಅಂಗಡಿಗೆ ಓಡಿದೆ. ಶನಿವಾರದ ಆಟದಲ್ಲಿ ಎಮ್ಲಿನ್‌ಗೆ ಪೆಟ್ಟಾಯಿತಂತೆ, ಪತ್ರಿಕೆಯಲ್ಲಿ ಏನು ಬರೆದಿದ್ದಾರೆ ನೋಡು ಎಂದೆ. ಅವನು ಕತ್ತಿ ಮಸೆಯುವುದನ್ನು ನಿಲ್ಲಿಸಿದ.

"ಶನಿವಾರ ಅಂತ ಬರ್ದಿದ್ದಾನಾ?"

"ಹೌದು."

"ಹಂಗಾದ್ರೆ ಶನಿವಾರಾನೇ ಇರ್ಲಿ ಬಿಡಿ."

"ತೋರ್ಸಯ್ಯಾ ಅಂದ್ರೆ."

ಕುರ್ಚಿಯ ಕೆಳಗಿನಿಂದ ಸೋಮವಾರದ ಪತ್ರಿಕೆ ತೆಗೆದ. ಭಾನುವಾರ, ಹದಿನಾಲ್ಕನೇ ತಾರೀಕು, ನ್ಯೂಯಾರ್ಕಿನಲ್ಲಿ ಆಟ. ಆಟದ ಮೂರನೇ ಕಾಲುಭಾಗದಲ್ಲಿ ಆಲ್ಡನ್‌ಪೋರ್ಟಿನ ಎಮ್ಲಿನ್ ಪ್ರಾಸರನನ್ನು ಹಲಗೆಯ ಮೇಲೆ ಹೊತ್ತೊಯ್ದರು.

"ಹಿರೀಕರೇ, ನೀವು ಓದಿದ್ದು ಅವರ ಊರಲ್ಲಿ ನಡಿಯೋ ಆಟದ ಪಟ್ಟಿ," ಅಂದ. "ನಮ್ಮ ರಾಜ್ಯದಲ್ಲಿ ಭಾನುವಾರ ಆಡಂಗಿಲ್ಲ. ಪಕ್ಕದ ರಾಜ್ಯದಲ್ಲಿ ಆಡ್ಬಹುದು. ಅದಕ್ಕೆ ಇಲ್ಲಿ ಶನಿವಾರ ಆಡ್ಸಿ, ಸಂಜೆ ರೈಲು ಹತ್ತಿಸ್ತಾರೆ, ಭಾನುವಾರ ಅಲ್ಲಿ ಆಡಿಸ್ತಾರೆ. ಎರಡು ದಿನ ಎರಡು ಆಟ. ಕುದುರೆನೂ ಹಂಗೆ ಓಡ್ಸಲ್ಲ."

"ನಿನಗೆ ಯಾವಾಗ ಗೊತ್ತಾಯ್ತು?"

"ಮೊದಲ ವಾರದಿಂದಾನೂ ಗೊತ್ತು. ನಿಮಗೆ ಆಟ ಕಲಿಸ್ತಿದ್ನಲ್ಲ, ನಿಮ್ಮ ಮುಖ ನೋಡಿ ಹೇಳೋಕೆ ಬಾಯಿ ಬರ್ಲಿಲ್ಲ."

ಓಹಾಯೋದಲ್ಲಿ ನೀನು ವಾರಕ್ಕೆ ಒಂದು ಸಲ ಬೀಳುತ್ತಿದ್ದೆ. ನಾನು ನಿನ್ನನ್ನು ಎರಡು ಸಲ ಬೀಳುವ ಕಡೆಗೆ ಕಳಿಸಿದೆ. ಭಾನುವಾರ ಉಳಿಸುತ್ತೇನೆಂದು ಹೋಗಿ ಶನಿವಾರವನ್ನೂ ಕೊಟ್ಟುಬಂದೆ.

ಮನೆಗೆ ಬಂದು ನಿನ್ನ ಅತ್ತೆಗೆ ಹೇಳಿದೆ. ಎಮ್ಲಿನ್ ಮಂದಿರಕ್ಕೆ ಹೋಗಿಯೇ ಇರಲಿಲ್ಲವಂತೆ, ಆ ಪ್ರಸಂಗ ಎಲ್ಲಿಂದ ತಂದ ಎಂದೆ. "ನಿಮ್ಮ ತಲೆಗೆ ಇನ್ನೂ ಹೊಳೀಲಿಲ್ವಾ?" ಎಂದಳು. "ನ್ಯೂಯಾರ್ಕಿನ ಬೋಧಕನಿಗೆ ಗಣಿದೀಪದ ಉರಿ ಹೆಂಗೆ ಗೊತ್ತಿರತ್ತೆ? ಅದು ನಿಮ್ಮದೇ. ಬೋಧಕರು ಕಾಯಿಲೆ ಬಿದ್ದಾಗ ನೀವೇ ಎದ್ದು ನಿಂತು ಹೇಳಿದ್ದು. ಅವನಿಗಾಗ ಹನ್ನೊಂದು ವರ್ಷ." ಕೇಳಿದ ದಿನವೇ ಅವಳಿಗೆ ಗೊತ್ತಾಗಿತ್ತು. ನಾನು ನನ್ನದೇ ಮಾತನ್ನು ನನಗೇ ಓದಿಕೊಂಡು, ನ್ಯೂಯಾರ್ಕಿನ ಬೋಧಕನನ್ನು ಹೊಗಳಿ ಊರಿಗೆಲ್ಲ ಹಂಚಿದ್ದೆ.

ನೀನು ಸುಳ್ಳು ಬರೆದೆಯೆಂದು ನನಗೆ ಕೋಪವಿಲ್ಲ. ಕೋಪಿಸಿಕೊಳ್ಳುವ ಜಾಗದಲ್ಲಿ ನಾನಿಲ್ಲ. ಈಗ ನನ್ನದನ್ನು ಬರೆಯುತ್ತೇನೆ.

ಅಕ್ಟೋಬರ್ ಹದಿನೈದಕ್ಕೆ ಲೇಕ್‌ಹಾವನ್ ತಂಡದಿಂದ ನಿನ್ನ ಹೆಸರಿಗೆ ಲಕೋಟೆ ಬಂತು. ನಾನು ಒಡೆದು ಓದಿದೆ. ನವೆಂಬರ್ ಒಂದರೊಳಗೆ ವಾಪಸು ಬಾ, ನಿನ್ನ ಜಾಗ ಹಾಗೆಯೇ ಇಟ್ಟಿದ್ದೇವೆ, ದಂಡನೆ ಇಲ್ಲ ಎಂದಿತ್ತು. ಕೆಳಗೆ ಹ್ಯಾಗರ್ಟಿ ಕೈಯಾರೆ ಒಂದು ಸಾಲು ಬರೆದಿದ್ದ: "ಬೇಗ ಬಾರೋ, ಇಲ್ಲಿ ಒಬ್ಬನಿಗೂ ಚೆಂಡು ಹಿಡಿದು ನೆಟ್ಟಗೆ ಓಡೋಕೆ ಬರ್ತಿಲ್ಲ."

ನಾನು ಅದನ್ನು ಕಳಿಸಲಿಲ್ಲ. ನೀನು ಶನಿವಾರ ಆಡಿ ಭಾನುವಾರ ಮಂದಿರದಲ್ಲಿ ಕೂರುತ್ತಿದ್ದೀಯ ಎಂದು ನಂಬಿದ್ದೆ. ಈ ಕಾಗದ ಕಂಡರೆ ಮತ್ತೆ ಅಲ್ಲಿಗೇ ಹೋಗುತ್ತೀಯ ಎಂದು ಹೆದರಿದೆ. ನಿನಗೆ ಬೇಕಾಗುವಂಥದ್ದೇನೂ ಬಂದಿಲ್ಲ ಎಂದು ಬರೆದೆ. ಆ ವಾಕ್ಯವನ್ನು ಕಟ್ಟುವುದಕ್ಕೆ ನನಗೆ ಅರ್ಧ ಗಂಟೆ ಹಿಡಿಯಿತು, ಮಗು. ಏನೂ ಬಂದಿಲ್ಲ ಎಂದರೆ ಸುಳ್ಳಾಗುತ್ತದೆ, ಬೇಕಾಗುವಂಥದ್ದೇನೂ ಬಂದಿಲ್ಲ ಎಂದರೆ ಸುಳ್ಳಲ್ಲ ಎಂದು ಲೆಕ್ಕ ಹಾಕಿದ್ದೆ. ಹಿರಿಯರ ಬೆಂಚಿನ ಮೇಲೆ ಇಪ್ಪತ್ತು ವರ್ಷ ಕೂತು ಕಲಿತ ವಿದ್ಯೆ ಅದು.

ನೀನು ಎಣಿಸಿದಷ್ಟೇ ಒಳ್ಳೆಯ ಆಟಗಾರ ನೀನು. ನಿನ್ನನ್ನು ಅವರು ಕರೆದರು. ಇದನ್ನು ನವೆಂಬರ್ ಎಂಟಕ್ಕೂ ಬರೆಯಬಹುದಿತ್ತು. ಆಗಲೂ ಬರೆಯಲಿಲ್ಲ. ಆಗ ಭಯ ಭಾನುವಾರದ್ದಲ್ಲ, ನಿನ್ನದು.

ಹಳೆಯ ಲೀಗಿನ ಅಧ್ಯಕ್ಷರಿಗೆ ಎಲ್ಲವನ್ನೂ ಬರೆದಿದ್ದೇನೆ. ತಪ್ಪು ನನ್ನದು, ಹುಡುಗನಿಗೆ ಕಾಗದ ಮುಟ್ಟಲೇ ಇಲ್ಲ ಎಂದು. ಅಂಚೆ ಮುದ್ರೆಯಿರುವ ಲಕೋಟೆಯನ್ನೂ ಜೊತೆಗಿಟ್ಟಿದ್ದೇನೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಇಲ್ಲ ಎನ್ನುವವನಲ್ಲ. ಅದಕ್ಕೇ ಕೇಳುವುದಿಲ್ಲ.

ಗೋಮರ್

*

ಆಲ್ಡನ್‌ಪೋರ್ಟ್
ಗುರುವಾರ, ೯ ಡಿಸೆಂಬರ್ ೧೯೨೬

ಮಾವ, ಅತ್ತೆ, ನಮಸ್ಕಾರ.

ಉತ್ತರ ತಡವಾಯಿತು. ಕಾಲಿಗೆ ಕಟ್ಟಿದ್ದ ಹಲಗೆ ಬಿಚ್ಚುವವರೆಗೆ ಬರೆಯಬಾರದು ಎಂದುಕೊಂಡಿದ್ದೆ. ಸೋಮವಾರ ಬಿಚ್ಚಿದರು. ಡಾಕ್ಟರು ನನ್ನ ಮೊಣಕಾಲನ್ನು ಮಡಿಸಿ ನೋಡಿದರು. ಅದು ಅರ್ಧಕ್ಕೇ ನಿಂತಿತು. "ನಡೀಬಹುದು. ಓಡೋ ಮಾತು ಬಿಡಪ್ಪಾ," ಎಂದರು. ಈಗ ಯಾವ ಲೀಗು ಬಾಗಿಲು ತೆರೆದರೂ ಒಂದೇ, ಮುಚ್ಚಿದರೂ ಒಂದೇ.

ಆ ಕಾಗದದ ವಿಷಯ. ನೀವು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಾನು ಒಂದು ಸಂಗತಿ ನಿಮಗೆ ಹೇಳಿರಲಿಲ್ಲ. ಮೊಣಕಾಲು ಮೊದಲು ಹೋದದ್ದು ಅಕ್ಟೋಬರ್ ಹತ್ತಕ್ಕೆ. ಆಮೇಲೆ ತಿಂಗಳೆಲ್ಲ ಬೆಂಚಿನ ಮೇಲೆಯೇ ಕೂತಿದ್ದೆ, ಹೆಸರಿಗೆ ಮಾತ್ರ ತಂಡದಲ್ಲಿದ್ದೆ. ನವೆಂಬರ್ ಹದಿನಾಲ್ಕಕ್ಕೆ ಜನ ಸಾಲದೆ ನನ್ನನ್ನು ಒಳಗೆ ಬಿಟ್ಟರು, ಪೂರ್ತಿ ಹೋಯಿತು. ಹಾಗಾಗಿ ಆ ಕಾಗದ ನನಗೆ ಸಿಕ್ಕಿದ್ದರೂ ಉಪಯೋಗವಿರಲಿಲ್ಲ. ಕುಂಟಿಕೊಂಡು ಲೇಕ್‌ಹಾವನ್‌ಗೆ ಹೋಗಿ ಏನು ಮಾಡುತ್ತಿದ್ದೆ? ಹ್ಯಾಗರ್ಟಿ ನೋಡಿ ವಾಪಸು ಕಳಿಸುತ್ತಿದ್ದ. ನೀವು ಕಳಿಸದೆ ಇದ್ದದ್ದರಿಂದ ನನಗೆ ರೈಲಿನ ದಣಿವು ಉಳಿಯಿತು, ಅಷ್ಟೇ.

ಇನ್ನು ಆಲ್ಡನ್‌ಪೋರ್ಟಿನಲ್ಲಿ ನನಗೆ ಏನೂ ಇಲ್ಲ. ಮೇಸ್ತ್ರಿಯನ್ನು ಕೇಳುತ್ತೀರಾ? ಕೂತು ಮಾಡುವ ಕೆಲಸವಾದರೆ ಮಾಡಬಲ್ಲೆ.

ಎಮ್ಲಿನ್

*

ಬ್ರಿನ್‌ಹಿಲ್
ಸೋಮವಾರ, ೨೦ ಡಿಸೆಂಬರ್ ೧೯೨೬

ಮಗು ಎಮ್ಲಿನ್,

ಮೇಸ್ತ್ರಿಯನ್ನು ಕೇಳಿದೆ. "ನಿಮ್ಮ ಆಟಗಾರ ಮೆಟ್ಟಿಲು ಹತ್ತಬಲ್ಲನಾ?" ಎಂದ. ನಿಧಾನವಾಗಿ ಹತ್ತುತ್ತಾನೆ ಎಂದೆ. ಹೊಸ ವರ್ಷದ ಮೊದಲ ಸೋಮವಾರದಿಂದ ಬರಹೇಳಿದ್ದಾನೆ. ಕಲ್ಲು ಆರಿಸುವ ಸಾಲಿನಲ್ಲೇ, ನನಗಿಂತ ಮೂರು ಜನ ಮೇಲೆ. ಎರಡು ವಾರ ಬೆರಳ ತುದಿ ಊದುತ್ತದೆ, ರಕ್ತ ಬರುತ್ತದೆ. ಆಮೇಲೆ ತಾನಾಗಿ ಗಟ್ಟಿಯಾಗುತ್ತದೆ. ಕೈಗವಸು ಹಾಕುವಂತಿಲ್ಲ, ಹಾಕಿದರೆ ಕಲ್ಲಿಗೂ ಇದ್ದಲಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಹಳೆಯ ಲೀಗಿನಿಂದ ಉತ್ತರ ಬಂತು. ಎರಡೇ ಸಾಲು. ಗಡುವು ಮುಗಿದಿದೆ, ನಿಯಮ ಎಲ್ಲರಿಗೂ ಒಂದೇ. ಲಕೋಟೆಯನ್ನು ವಾಪಸು ಕಳಿಸಿದ್ದಾರೆ. ಹೊಸ ಲೀಗು ಪೂರ್ತಿ ಮುಚ್ಚಿತೆಂದು ಬಾಲ್ಚೂನಾಸ್ ಹೇಳಿದ. ಪತ್ರಿಕೆಯವರು ಅದಕ್ಕೆ ಕೊಟ್ಟ ಜಾಗ ನಿಧನ ವಾರ್ತೆಗಿಂತ ಚಿಕ್ಕದು.

ಹಿರಿಯರ ಬೆಂಚಿನಿಂದ ಎದ್ದುಬಂದಿದ್ದೇನೆ. ಬೋಧಕರು ಕಾರಣ ಕೇಳಿದರು, ಬೆನ್ನು ನೋವು ಎಂದೆ. ಇನ್ನೊಂದು ವಾಕ್ಯ ಕಟ್ಟುವ ಶಕ್ತಿ ಇರಲಿಲ್ಲ.

ನಿನ್ನ ಕಾಗದದಲ್ಲಿ ನೀನು ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. "ಹಾಗಾದ್ರೆ ಕಾಗದ ಕಳಿಸಿದ್ರೂ ಅಷ್ಟೇ ಆಗ್ತಿತ್ತು," ಎಂದಳು. ಬಹಳ ದಿನದ ಮೇಲೆ ಸರಿಯಾಗಿ ಊಟ ಮಾಡಿದಳು. ನಾನೂ ಅವಳ ಜೊತೆ ಕೂತು ಊಟ ಮಾಡಿದೆ.

ಮಾರನೆಯ ದಿನ ನಾನೊಬ್ಬನೇ ಕ್ಷೌರದಂಗಡಿಗೆ ಹೋದೆ. ಅಕ್ಟೋಬರಿನ ಸೋಮವಾರಗಳ ಪತ್ರಿಕೆಗಳಿವೆಯೇ ಎಂದು ಕೇಳಿದೆ. "ಯಾಕ್ರೀ ಹಿರೀಕರೇ, ಹೋಗ್ಲಿ ಬಿಡ್ರೀ," ಎಂದ. ನಾನು ಬಿಡಲಿಲ್ಲ. ನೀನು ಬೆಂಚಿನ ಮೇಲೆ ಕೂತಿದ್ದೆ ಎಂದೆಯಲ್ಲ, ಆ ಬೆಂಚನ್ನು ಎಲ್ಲಾದರೂ ಬರೆದಿದ್ದಾರೆಯೇ ಎಂದು ಹುಡುಕಿದೆ. ಅಕ್ಟೋಬರ್ ಹದಿನೆಂಟರಲ್ಲಿ ಇಲ್ಲ. ಇಪ್ಪತ್ತೈದರಲ್ಲಿ ಇಲ್ಲ. ನವೆಂಬರ್ ಒಂದನೇ ತಾರೀಕಿನ ಪತ್ರಿಕೆಯಲ್ಲಿ, ಹಿಂದಿನ ದಿನದ ಆಟದ ಬಗ್ಗೆ, ಮಧ್ಯದ ಅಂಕಣದಲ್ಲಿ ನಿನ್ನ ಹೆಸರಿದೆ. ಪ್ರಾಸರ್ ಚೆಂಡು ಹಿಡಿದು ಎಡಗಡೆಯಿಂದ ಹೊರಬಿದ್ದು ಅರವತ್ತೆರಡು ಗಜ ಓಡಿದ, ಒಬ್ಬನ ಕೈಯೂ ಅವನನ್ನು ಮುಟ್ಟಲಿಲ್ಲ ಎಂದು. ಬಾಲ್ಚೂನಾಸನಿಂದ ಓದಿಸಿದೆ. ನಿಲ್ಲಿಸಿದಾಗ ಇನ್ನೊಮ್ಮೆ ಓದು ಎಂದೆ.

ಅತ್ತೆಗೆ ಇದನ್ನು ಹೇಳಿಲ್ಲ. ಹೇಳುವುದೂ ಇಲ್ಲ. ನನ್ನ ಭಾರ ಇಳಿಸಲೆಂದು ನೀನು ಕಳಿಸಿದ್ದು ನನಗೆ ತಲುಪಿತು. ಅದನ್ನು ನೀನು ಕೊಟ್ಟ ಹಾಗೆಯೇ ಇಟ್ಟುಕೊಂಡಿದ್ದೇನೆ. ನೀನೂ ಇನ್ನು ಮುಂದೆ ಅದನ್ನೇ ಹೇಳು. ಮನೆಯಲ್ಲಿ ಮೂವರೂ ಅದನ್ನೇ ಹೇಳೋಣ.

ಗುರುವಾರ ನಾಲ್ಕು ಗಂಟೆಯ ರೈಲಿಗೆ ಸ್ಟೇಷನ್ನಿನಲ್ಲಿರುತ್ತೇನೆ. ಡಬ್ಬಿಯ ಮೆಟ್ಟಿಲು ನಮ್ಮ ಕಡೆ ಎತ್ತರ, ನೆಲ ತಗ್ಗು. ಅವಸರ ಮಾಡಬೇಡ. ನಿನಗೆ ಹೇಗೆ ಇಳಿಯಲು ಬರುತ್ತದೋ ಹಾಗೆ ಇಳಿ. ನಾನು ಬೇರೆ ಕಡೆ ನೋಡುತ್ತಿರುತ್ತೇನೆ.

ಮಾವ